ಗ್ಯಾಸ್ ಎಲ್ಲಿ ಹೋಯಿತು ಅಂತ ಕೇಳು

ಪ್ರೀತಿಯ ಗೆಳೆಯಾ,

ಕಲಬುರಗಿಯ ಬಿಸಿಲಲ್ಲಿ ನಿನ್ನ ಎಸಿ ಕೈಕೊಟ್ಟಿತೆಂದು ತಿಳಿದು ಪಾಪ ಅನ್ನಿಸಿತು. ಮೆಕ್ಯಾನಿಕ್ ಬಂದವನೇ ‘ಗ್ಯಾಸ್ ಖಾಲಿ ಸರ್, ತುಂಬಿಸ್ಬೇಕು’ ಅಂದನಂತೆ. ಹೋದ ಬೇಸಿಗೆಯಲ್ಲೂ ಇದೇ ಮಾತು, ಇದೇ ಖರ್ಚು. ಈ ಸಲ ದುಡ್ಡು ಬಿಚ್ಚುವ ಮೊದಲು ಸ್ವಲ್ಪ ತಡೆ.

ಎಸಿಯ ಗ್ಯಾಸು ಗಾಡಿಯ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ: ಕೋಣೆಯೊಳಗೆ ಆವಿಯಾಗಿ ಶಾಖ ಹೀರುತ್ತದೆ, ಹೊರಗಿನ ಯೂನಿಟ್‌ನಲ್ಲಿ ದ್ರವವಾಗಿ ಅದನ್ನು ಬಿಟ್ಟುಕೊಡುತ್ತದೆ. ಫ್ರಿಡ್ಜ್ ನಡೆಯುವುದೂ ಹೀಗೆಯೇ. ಅದಕ್ಕೆ ವರ್ಷಾವರ್ಷ ಗ್ಯಾಸ್ ತುಂಬಿಸುತ್ತೀಯಾ? ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ, ಅಷ್ಟೇ.

ಆದರೆ ತಣ್ಣಗಾಗದಿರುವುದಕ್ಕೆ ಗ್ಯಾಸೇ ಕಾರಣವಾಗಬೇಕಿಲ್ಲ; ನನಗಂತೂ ಮೊದಲ ಅನುಮಾನ ಧೂಳಿನ ಮೇಲೆ. ನಿಮ್ಮೂರಿನ ಬೇಸಿಗೆ ಗಾಳಿ ಸಾಲದೆಂಬಂತೆ ದಾಲ್ ಮಿಲ್ಲುಗಳ ಹೊಟ್ಟು ಬೇರೆ. ಒಳಗಿನ ಯೂನಿಟ್‌ನ ಮುಚ್ಚಳ ಎತ್ತಿ, ಜಾಲರಿಯಂಥ ಫಿಲ್ಟರ್ ಈಚೆಗೆಳೆದು ಬೆಳಕಿಗೆ ಹಿಡಿ. ಬೆಳಕು ಹಾಯದಿದ್ದರೆ ಕಳ್ಳ ಸಿಕ್ಕಿದ. ನಲ್ಲಿ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸು. ಬಿಸಿಲಿಗಿಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಬೇಸಿಗೆಯಲ್ಲಿ 15 ದಿನಕ್ಕೊಮ್ಮೆ ಇದು ಆಗಲೇಬೇಕು. ಹೊರಗಿನ ಯೂನಿಟ್‌ನ ರೆಕ್ಕೆಗಳಲ್ಲೂ ಹೊಟ್ಟು ಮೆತ್ತಿರುತ್ತದೆ. ಎಂಸಿಬಿ ಆಫ್ ಮಾಡಿ ಪೈಪಿನಲ್ಲಿ ಹಗುರವಾಗಿ ನೀರು ಬಿಡು. ಆ ಡಬ್ಬಿಯನ್ನು ಮಾತ್ರ ಬಿಚ್ಚಬೇಡ. ಕರೆಂಟ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್ ಶಾಕ್ ಹೊಡೆಯಬಹುದು.

ಕೊಳವೆಯ ಮೇಲೆ ಮಂಜುಗಡ್ಡೆ ಕಟ್ಟಿದೆ ಅಂದೆಯಲ್ಲ, ಗೊಂದಲ ಹುಟ್ಟುವುದೇ ಅಲ್ಲಿ. ಗ್ಯಾಸ್ ಕಡಿಮೆಯಾದರೂ ಕಟ್ಟುತ್ತದೆ, ಫಿಲ್ಟರ್ ಕಟ್ಟಿಕೊಂಡು ಗಾಳಿ ಆಡದಿದ್ದರೂ ಕಟ್ಟುತ್ತದೆ. ಚಾಕು ಹಾಕಿ ಕೆರೆಯಬೇಡ, ಕೊಳವೆ ತೂತಾದೀತು. ಬರೀ ಫ್ಯಾನ್ ಮೋಡ್‌ನಲ್ಲಿ ಓಡಿಸಿ ಕರಗಿಸು, ತೊಳೆದ ಫಿಲ್ಟರ್ ಹಾಕಿ ನೋಡು. ಇನ್ನು ಒಳಗೆ ತೊಟ್ಟಿಕ್ಕುವ ನೀರು ಬಹುಪಾಲು ಡ್ರೈನ್ ಪೈಪಿನ ಪಾಚಿಯ ಕೆಲಸ.

ಹಾಂ, 16ಕ್ಕೆ ಇಳಿಸಿ ಕೂರಬೇಡ. 2020ರಿಂದ ದೇಶದಲ್ಲಿ ಮಾರುವ ಸ್ಟಾರ್ ಲೇಬಲ್ ಎಸಿಗಳು ಆನ್ ಆಗುವುದೇ 24 ಡಿಗ್ರಿಗೆ. ಅಲ್ಲೇ ಇರಲಿ, ಮೇಲಿನ ಫ್ಯಾನ್ ನಿಧಾನಕ್ಕೆ ತಿರುಗಲಿ.

ಇಷ್ಟಾದರೂ ತಣ್ಣಗಾಗದಿದ್ದರೆ ಆ ಮೆಕ್ಯಾನಿಕ್‌ನನ್ನೇ ಕರೆಸು, ಆದರೆ ಮೊದಲ ಪ್ರಶ್ನೆ ನಿನ್ನದಾಗಿರಲಿ: ‘ಲೀಕ್ ಎಲ್ಲಿದೆ, ತೋರಿಸು.’ ಜಾಯಿಂಟ್‌ಗೆ ಸೋಪು ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಎಣ್ಣೆ ಕಲೆ ಇದ್ದರೆ ಅದೂ ಗುರುತೇ. ಲೀಕ್ ಮುಚ್ಚಿದ ಮೇಲೆ ಪಂಪ್ ಹಾಕಿ ವ್ಯಾಕ್ಯೂಮ್ ಮಾಡಬೇಕು, ಆಮೇಲೆ ಗ್ಯಾಸನ್ನು ತೂಗಿ ಹಾಕಬೇಕು. ಯಾವ ಗ್ಯಾಸು, ಎಷ್ಟು ಎಂದು ಹೊರಗಿನ ಯೂನಿಟ್‌ನ ಪಟ್ಟಿಯ ಮೇಲೆ ಬರೆದಿರುತ್ತದೆ. ಹೊಸ ಎಸಿಯಾದರೆ ಹೆಚ್ಚಾಗಿ ಆರ್-32. ತೂಕದ ಯಂತ್ರ ತಂದಿಲ್ಲವಾದರೆ ಚಹಾ ಕೊಟ್ಟು ಕಳಿಸು. ತಂದಿದ್ದರೆ ಎಷ್ಟು ಗ್ರಾಂ ಹಾಕಿದ ಎಂಬುದನ್ನು ಬಿಲ್ಲಿನಲ್ಲೇ ಬರೆಸಿಕೋ.

ನಿನ್ನವ