ಗ್ಯಾರೇಜಿನಲ್ಲೊಂದು ರೆಕ್ಕೆ

ಅಮೆರಿಕದ ಆರೆಗಾನ್‌ನಲ್ಲಿ ಆತನ ಮನೆ. ಕಾರು ಹೊರಗೆ ಮಳೆಯಲ್ಲಿ ನೆನೆಯುತ್ತಿದೆ. ಗ್ಯಾರೇಜಿನೊಳಗೆ ಇರುವುದು ವಿಮಾನದ ರೆಕ್ಕೆ. ಬಿಡಿಭಾಗಗಳು ಬಂದದ್ದು ಅದೇ ರಾಜ್ಯದ ಅರೋರಾದಲ್ಲಿರುವ ವ್ಯಾನ್ಸ್ ಏರ್‌ಕ್ರಾಫ್ಟ್‌ನಿಂದ. ಅರ್ಧಕ್ಕಿಂತ ಹೆಚ್ಚಿನ ಕೆಲಸ ಹವ್ಯಾಸಿಗಳದ್ದೇ ಆಗಿರಬೇಕೆಂದು ಅಲ್ಲಿನ ನಿಯಮ. ಪೂರಾ ಆಳಿಟ್ಟು ಮಾಡಿಸುವಂತಿಲ್ಲ.

ಉಳಿದದ್ದು ರೆಕ್ಕೆಯ ಕೆಳಮೈಯ ಅಲ್ಯೂಮಿನಿಯಂ ತಗಡು. ರಿವೆಟ್ ಗನ್ ಆತನ ಕೈಯಲ್ಲಿ. ಒಳಗಿನಿಂದ ಉಕ್ಕಿನ ತುಂಡನ್ನು ಒತ್ತಿಹಿಡಿಯುವವಳು ಹೆಂಡತಿ. ಮೊಣಕೈವರೆಗೆ ಕೈ ತೂರಿಸಿದ ಮೇಲೆ ಒಳಗೇನಾಗುತ್ತಿದೆಯೆಂದು ಆಕೆಗೂ ಕಾಣದು, ಬೆರಳೇ ಕಣ್ಣು. ರಿವೆಟ್ಟಿನ ದಪ್ಪ ಅಂಗುಲದ 3/32 ಪಾಲು. ಅದರ ಬಾಲ ಬಡಿತಕ್ಕೆ ಚಪ್ಪಟೆಯಾಗಿ ಒಂದೂವರೆಪಟ್ಟು ಅಗಲವಾಗಬೇಕು. ತುಂಡು ಓರೆಯಾದರೆ ಬಾಲ ಮಡಚಿಕೊಳ್ಳುತ್ತದೆ. ಡ್ರಿಲ್ ಮಾಡಿ ತೆಗೆಯುವಾಗ ಕೈ ತಪ್ಪಿದರೆ ತೂತೇ ದೊಡ್ಡದಾಗುತ್ತದೆ.

"ಇದು ವಾಲಿದೆ" ಎಂದಳು. ಹೊರಗೆ ತಲೆಯೇನೋ ನುಣುಪಾಗಿ ಕೂತಿತ್ತು. ಬಿಡು, ಯಾರು ನೋಡುತ್ತಾರೆ ಎನ್ನಬಹುದಿತ್ತು. ಎರಡು ವಾರದ ಹಿಂದೆ ಇನ್ನೊಂದು ರಿವೆಟ್ಟಿಗೆ ಹಾಗೆ ಅಂದೂ ಇದ್ದ. "ಪಕ್ಕದ ಸೀಟಿನಲ್ಲಿ ಕೂರುವವಳು ನಾನು" ಎಂದಿದ್ದಳು ಆಕೆ. ಅಂದಿನ ಊಟ ಮಾತಿಲ್ಲದೆ ಮುಗಿದಿತ್ತು.

ಈ ಸಲ ಆತ ಸುಮ್ಮನೆ ಡ್ರಿಲ್ ಎತ್ತಿಕೊಂಡ. ಆಕೆ ಕೈ ಹೊರತೆಗೆದು, ತಗಡಿನ ಅಂಚು ಗೀರಿದ ಮುಂಗೈಗೆ ಪಟ್ಟಿ ಅಂಟಿಸಿಕೊಂಡಳು.