ಸೀಮೆಸುಣ್ಣದ ಗೆರೆ

ಮೊನ್ನೆ ಸಂಕ್ರಾಂತಿಗೆ ಊರಿಗೆ ಹೋದಾಗ ಬೆಳಗಿನ ಚಳಿಗೆ ಹಂಡೆ ಒಲೆಯ ಮುಂದೆ ಕೂತಿದ್ದೆವು. ಅಕ್ಕನ ಮಗ ಮೊಬೈಲನ್ನು ನನ್ನ ಮುಖದ ಹತ್ತಿರ ಹಿಡಿದ. ಹೆಬ್ಬಾಳದ ಕಡೆ ಯಾರದೋ ಆಕ್ಸಿಡೆಂಟ್ ಆದ ಬೈಕು, ಅರ್ಧ ಬೆಲೆಗೆ ಕೊಡುತ್ತಾರಂತೆ. "ಮಾವ, ತಗೊಂಡು ನಾನೇ ರೆಡಿ ಮಾಡ್ಕೊಳ್ಳಲಾ?" ಒಲೆಗೆ ಇನ್ನೊಂದು ತೆಂಗಿನ ಮಟ್ಟೆ ತಳ್ಳಿ, 2009ರ ಡಿಸೆಂಬರಿನ ಒಂದು ಭಾನುವಾರದ ಕಥೆಯನ್ನು ಅವನಿಗೆ ಹೇಳಿದೆ.

ಆಗ ನಾನು ಆರ್.ಟಿ. ನಗರದಲ್ಲಿ ಬಾಡಿಗೆ ರೂಮಿನಲ್ಲಿದ್ದೆ. ತಲೆಯಲ್ಲಿ ಇದ್ದದ್ದು ಒಂದೇ ಗಾಡಿ, ಯೆಜ್ಡಿ ರೋಡ್‌ಕಿಂಗ್. ಅಪ್ಪನ ಹತ್ತಿರ ಒಂದಿತ್ತು, ನನ್ನ ಕಾಲೇಜು ಫೀಸಿಗೆಂದು ಮಾರಿಬಿಟ್ಟಿದ್ದರು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತ್ತು, ಹೊಸದು ಸಿಗುವ ಮಾತೇ ಇರಲಿಲ್ಲ. ಯಲಹಂಕ ಹಳೇ ಪಟ್ಟಣದಲ್ಲಿ ಬಿದ್ದು ಜಖಂ ಆದ ರೋಡ್‌ಕಿಂಗ್ ಒಂದು 8,000ಕ್ಕೆ ಇದೆ ಎಂದು ಗೆಳೆಯ ಹೇಳಿದ. ನಮ್ಮ ಬೀದಿಯ ಮೆಕ್ಯಾನಿಕ್ ಭಾಯ್‌ಯನ್ನು ಕರೆದುಕೊಂಡು ಬೆಳಗ್ಗೆಯೇ ಬಳ್ಳಾರಿ ರಸ್ತೆ ಹಿಡಿದೆ.

ಮನೆಯ ಯಜಮಾನರು ಯಲಹಂಕದ ಗಾಲಿ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಈಗ ಅದರ ಹೆಸರು ರೈಲ್ ವೀಲ್ ಫ್ಯಾಕ್ಟರಿ, ಆದರೂ ಅವರು ವೀಲ್ ಅಂಡ್ ಆಕ್ಸಲ್ ಎಂದೇ ಹೇಳುತ್ತಿದ್ದರು. ಕಾಫಿ ಕೊಟ್ಟ ಮೇಲೆ ಹಿತ್ತಲಿಗೆ ಕರೆದೊಯ್ದು ಟಾರ್ಪಾಲು ಎತ್ತಿದರು. 1994ರ ಗಾಡಿ, ಕೆಎ 04 ನಂಬರು. ಕೋಗಿಲು ಕ್ರಾಸ್ ದಾಟಿ ಕತ್ತಲಲ್ಲಿ ನಿಂತಿದ್ದ ಟ್ರ್ಯಾಕ್ಟರ್ ಟ್ರೈಲರಿಗೆ ಅವರ ಮಗ ಗುದ್ದಿದ್ದ. ಹುಡುಗನ ಕಾಲು ಮುರಿದು ಕೂಡಿಕೊಂಡಿತ್ತು, ನಮಗೆ ಕಾಫಿ ತಂದುಕೊಟ್ಟವನೂ ಅವನೇ.

ಹೆಡ್‌ಲೈಟು ಪುಡಿ, ಟ್ಯಾಂಕಿಗೆ ಡೊಂಕು, ಮುಂದಿನ ರಿಮ್ಮು ಎಂಟರ ಆಕಾರ. ಫೋರ್ಕ್ ಪೈಪುಗಳು ಹಿಂದಕ್ಕೆ ಬಾಗಿ ಚಕ್ರ ಎಂಜಿನ್ನಿನ ಹತ್ತಿರಕ್ಕೆ ಬಂದಿತ್ತು. ಭಾಯ್ ಹುರಿದಾರ ತೆಗೆದು ಹಿಂದಿನ ಚಕ್ರದಿಂದ ಮುಂದಕ್ಕೆ ಎರಡೂ ಕಡೆ ಎಳೆದು ನೋಡಿದ, ಕಣ್ಣು ಕಿರಿದು ಮಾಡಿ ಹಿಂದಿನಿಂದ ನೋಡಿದ. "ಫೋರ್ಕ್ ಮಾತ್ರ ಬೆಂಡು ಸಾರ್. ಚಾಸಿ ಸ್ಟ್ರೈಟಾಗೈತೆ." ಪೀಣ್ಯದಲ್ಲಿ ಪ್ರೆಸ್ಸಿಗೆ ಹಾಕಿ ಪೈಪು ನೇರ ಮಾಡಿಸೋಣ, ಜೆ.ಸಿ. ರೋಡಿನಲ್ಲಿ ರಿಮ್ಮು ಹುಡುಕೋಣ ಎಂದ. ಬಸ್ ಟಿಕೆಟಿನ ಹಿಂದೆ ಲೆಕ್ಕ ಬರೆದೆ. ರಿಪೇರಿ 11,000, ಒಟ್ಟು 19,000. ಓಡುವ ಸ್ಥಿತಿಯ ಇನ್ನೊಂದನ್ನು ಭಾಯ್ 22,000ಕ್ಕೆ ಕೊಡಿಸುತ್ತೇನೆ ಎಂದಿದ್ದ.

ಪ್ಲಗ್ಗು ಒರೆಸಿ, ಕಾರ್ಬೊರೇಟರ್ ತೊಳೆದು, ಬಾಟಲಿಯಲ್ಲಿ ತಂದಿದ್ದ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿದೆವು. ಯೆಜ್ಡಿಯಲ್ಲಿ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಮೂರನೆಯ ಒದೆತಕ್ಕೆ ಎಂಜಿನ್ ಹತ್ತಿಕೊಂಡಿತು. ಎರಡು ಸೈಲೆನ್ಸರಿನ ಆ ದಡದಡ ಸದ್ದು, ನೀಲಿ ಹೊಗೆಯ ವಾಸನೆ ಹಿತ್ತಲು ತುಂಬಿತು. ಅಪ್ಪ ಸಂಜೆ ಊರ ಕೆರೆ ಏರಿ ಮೇಲೆ ಬರುವಾಗ ನಾವು ಮಕ್ಕಳು ಈ ಸದ್ದು ಕೇಳಿಯೇ ಬಾಗಿಲಿಗೆ ಓಡುತ್ತಿದ್ದದ್ದು. ನನ್ನ ಕೈ ಜೇಬಿನ ದುಡ್ಡಿನ ಮೇಲಿತ್ತು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ಯಜಮಾನರು 12,000 ಕೇಳಿದ್ದರೂ ಕೊಟ್ಟುಬಿಡುತ್ತಿದ್ದೆ.

ಅವರು ಎಂಜಿನ್ ನಿಲ್ಲಿಸಿದರು. "ಸ್ವಲ್ಪ ತಡೆಯಪ್ಪಾ," ಎಂದು ಒಳಗೆ ಹೋದವರು ಸೀಮೆಎಣ್ಣೆ ಬಾಟಲಿ, ಹಳೇ ಬಟ್ಟೆ, ಒಂದು ತುಂಡು ಸೀಮೆಸುಣ್ಣ ಹಿಡಿದು ಬಂದರು. ಹ್ಯಾಂಡಲಿನ ಬುಡದಲ್ಲಿ, ಚಾಸಿಯ ಕುತ್ತಿಗೆಗೆ ಕೆಳಗಿನ ಕೊಳವೆ ಸೇರುವ ಕಡೆ ಮೊದಲು ಬಣ್ಣ ಕೆರೆದರು. ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟರು. ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿದರು. ಜಾಗವೆಲ್ಲ ಬೆಳ್ಳಗಾಯಿತು. ನಾವು ಮೂವರೂ ಬಗ್ಗಿ ನೋಡುತ್ತಿದ್ದೆವು. ಎರಡು ಮೂರು ನಿಮಿಷಕ್ಕೆ ಆ ಬಿಳಿಯ ಮೇಲೆ ಕೂದಲಿನಷ್ಟು ಸಣ್ಣ ಒದ್ದೆ ಗೆರೆ ಮೂಡಿತು, ಕಿರುಬೆರಳಿನ ಉದ್ದ. ಬಿರುಕಿನೊಳಗೆ ಇಳಿದಿದ್ದ ಎಣ್ಣೆಯನ್ನು ಸುಣ್ಣ ಹೊರಕ್ಕೆ ಹೀರಿತ್ತು.

"ನನಗೆ ಅನುಮಾನ ಇತ್ತು. ಇವತ್ತಿನವರೆಗೆ ನೋಡೋಕೆ ಮನಸ್ಸು ಬಂದಿರಲಿಲ್ಲ," ಎಂದರು. ಕಾರ್ಖಾನೆಯಲ್ಲಿ ಗುಜರಿ ಉಕ್ಕು ಕರಗಿಸಿ ಗಾಲಿ ಎರಕ ಹೊಯ್ಯುತ್ತಿದ್ದರಂತೆ. ಪ್ರತಿ ಗಾಲಿಯನ್ನೂ ಅಯಸ್ಕಾಂತದ ಪುಡಿಯಿಂದಲೂ ಅಲ್ಟ್ರಾಸಾನಿಕ್ಕಿನಿಂದಲೂ ನೋಡಿಯೇ ಹೊರಗೆ ಬಿಡಬೇಕು. ಕಣ್ಣಿಗೆ ಕಾಣುವ ಡೊಂಕು ಅವರನ್ನು ಹೆದರಿಸಿದ್ದಿಲ್ಲ, ಕಾಣದ ಬಿರುಕು ಹೆದರಿಸುತ್ತಿತ್ತು.

ಭಾಯ್ ಬಿಡಲಿಲ್ಲ. "ವೆಲ್ಡಿಂಗ್ ಹೊಡೆಸೋಣ ಸಾರ್, ಮೇಲೆ ಪ್ಲೇಟ್ ಕೊಡ್ಸೋಣ." ಅವನದು ಮೋಸದ ಮಾತಲ್ಲ, ಎಷ್ಟೋ ಗಾಡಿಗಳು ಹಾಗೇ ಓಡುತ್ತವೆ. ಯಜಮಾನರು ತಲೆಯಾಡಿಸಿದರು. ತೆಳು ಕೊಳವೆಗೆ ಬೆಂಕಿ ತಗುಲಿದರೆ ಬೆಸುಗೆಯ ಪಕ್ಕದ ಉಕ್ಕು ಬಲ ಕಳೆದುಕೊಳ್ಳುತ್ತದೆ, ಹಳ್ಳ ದಿಣ್ಣೆಯ ಪೆಟ್ಟು ಪ್ರತಿದಿನ ಬೀಳುವುದು ಅದೇ ಜಾಗಕ್ಕೆ. ಚಾಸಿ ನಂಬರು ಇರುವುದೂ ಅಲ್ಲೇ. ಗಾಡಿಗೆ 15 ವರ್ಷ ತುಂಬಿದ್ದರಿಂದ ಆರ್‌ಸಿ ನವೀಕರಣಕ್ಕೆ ಯಶವಂತಪುರದ ಆರ್‌ಟಿಓ ಮುಂದೆ ನಿಲ್ಲಿಸಬೇಕಿತ್ತು, ಇನ್ಸ್‌ಪೆಕ್ಟರ್ ಮೊದಲು ನೋಡುವುದು ಆ ನಂಬರನ್ನು. ಆಮೇಲೆ ನನ್ನ ಕಡೆ ತಿರುಗಿ, "ನನ್ನ ಮಗ ಎದ್ದು ಓಡಾಡ್ತಿದಾನೆ. ಇದನ್ನ ನಿನಗೆ ಕೊಟ್ಟು ನಿಮ್ಮಪ್ಪನಿಗೆ ನಾನೇನು ಉತ್ತರ ಹೇಳ್ಲಿ?" ಎಂದರು.

ದುಡ್ಡು ಜೇಬಿನಲ್ಲೇ ಉಳಿಯಿತು. ಹೆಬ್ಬಾಳ ಫ್ಲೈಓವರ್ ಇಳಿಯುವ ತನಕ ನಾನೂ ಭಾಯ್‌ಯೂ ಮಾತಾಡಲಿಲ್ಲ.

ಯಜಮಾನರು ಆರ್‌ಸಿ ರದ್ದು ಮಾಡಿಸಿ, ಚಾಸಿಯ ಕುತ್ತಿಗೆಯನ್ನು ಗರಗಸದಲ್ಲಿ ಕೊಯ್ದೇ ಗುಜರಿಗೆ ಹಾಕಿದರು, ಯಾರೂ ಮತ್ತೆ ಬೆಸೆಯಬಾರದೆಂದು. ಆ ಜೋಡಿ ಸೈಲೆನ್ಸರುಗಳನ್ನು ನಾನು 600 ಕೊಟ್ಟು ತಂದೆ. ಮಾರನೆಯ ವರ್ಷ ಭಾಯ್ ಕೊಡಿಸಿದ ರೋಡ್‌ಕಿಂಗ್‌ಗೆ ಅವನ್ನೇ ಹಾಕಿಸಿದೆ, ಇವತ್ತಿಗೂ ಅದರಲ್ಲಿವೆ.

ಹಂಡೆಯ ನೀರು ಕಾದಿತ್ತು. "ಹಾಗಾದ್ರೆ ಬೇಡ ಅಂತೀರಾ ಮಾವ?" ಎಂದ ಹುಡುಗ. ಬೇಡ ಎನ್ನಲಿಲ್ಲ. ಹೋಗಿ ನೋಡು, ಎಂಜಿನ್ನಿಗೆ ಕಿಕ್ ಹೊಡೆಯುವ ಮೊದಲೇ ಕುತ್ತಿಗೆ ನೋಡು, ಬಣ್ಣ ಕೆರೆದು ನೋಡೋಕೆ ಮಾರುವವರು ಒಪ್ಪದಿದ್ದರೆ ಅಲ್ಲಿಂದಲೇ ವಾಪಸ್ ಬಾ ಎಂದೆ. ಸೀಮೆಎಣ್ಣೆ ಈಗ ಸಿಗುವುದು ಕಷ್ಟ, ಡೀಸೆಲ್ ಆದರೂ ನಡೆಯುತ್ತದೆ. ಸೀಮೆಸುಣ್ಣ ಮಾತ್ರ ಮರೆಯದೆ ಜೇಬಿನಲ್ಲಿಟ್ಟುಕೋ.