ಕರಾಟೆ ಕಲಿಯುವುದು ಪದಕಕ್ಕೋ, ದಾರಿಗೋ?

ಕರಾಟೆ ಎಂದ ಕೂಡಲೇ ನಮ್ಮೂರಿನವರಿಗೆ ಮೊದಲು ನೆನಪಾಗುವುದು ಶಂಕರನಾಗ್. ಅವರು ತೀರಿಕೊಂಡದ್ದು ೧೯೯೦ರಲ್ಲಿ. ನಮ್ಮಲ್ಲಿ ಯಾರೂ ಆಗ ಹುಟ್ಟಿರಲಿಲ್ಲ. ಆದರೂ ಆಟೋಗಳ ಹಿಂದೆ ‘ಕರಾಟೆ ಕಿಂಗ್’ ಎಂದು ಬರೆದ ಅವರ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಎರಡನೆಯದಾಗಿ ನೆನಪಾಗುವುದು ಕೈಯಿಂದ ಹಂಚು ಒಡೆಯುವುದು. ಶಾಲೆಗೆ ಕರಾಟೆ ಮಾಸ್ತರರು ಬರುತ್ತಾರೆ ಎಂದು ಗೊತ್ತಾದ ದಿನ ಏಳನೇ ತರಗತಿಯ ಹುಡುಗರು ಎಲ್ಲಿಂದಲೋ ಎರಡು ಮಂಗಳೂರು ಹಂಚು ತಂದು ಸಿದ್ಧವಾಗಿ ಇಟ್ಟಿದ್ದರು. ಆ ಹಂಚುಗಳು ಬೇವಿನ ಗಿಡದ ಬುಡದಲ್ಲಿ ಇನ್ನೂ ಹಾಗೇ ಇವೆ. ಯಾರೂ ಒಡೆಯಲಿಲ್ಲ.

ಸರ್ಕಾರಿ ಶಾಲೆಗಳಲ್ಲಿ ಆರನೇ ತರಗತಿಯಿಂದ ಮೇಲಿನ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ ೩ ತಿಂಗಳ ಆತ್ಮರಕ್ಷಣೆ ತರಬೇತಿ ಕೊಡುವ ಯೋಜನೆ ಇದೆ. ನಮ್ಮ ಶಾಲೆಯಲ್ಲಿ ಅದು ಹೋದ ತಿಂಗಳು ಮುಗಿಯಿತು. ಮಾಸ್ತರರು ಹೋದ ಮೇಲೆ ನಮ್ಮಲ್ಲಿ ಎರಡು ಪಕ್ಷ ಆಗಿವೆ. ಒಂದು ಪಕ್ಷದವರು, “ತಾಲ್ಲೂಕಿನ ಕ್ಲಾಸಿಗೆ ಸೇರಿ ಸ್ಪರ್ಧೆಗೆ ಹೋಗಬೇಕು, ಪದಕ ತರಬೇಕು. ಇಲ್ಲಾಂದ್ರ ಕಲ್ತು ಏನ್ ಉಪಯೋಗ?” ಅನ್ನುತ್ತಾರೆ. ಇನ್ನೊಂದು ಪಕ್ಷದವರು, “ಮುಗೀತಲ್ಲ, ಇನ್ನ ಪರೀಕ್ಷಿ ಕಡೆ ನೋಡೂಣು” ಅನ್ನುತ್ತಾರೆ. ನಾನು ಎರಡೂ ಪಕ್ಷದಲ್ಲಿ ಇಲ್ಲ. ಯಾಕೆ ಎಂಬುದನ್ನು ಇಲ್ಲಿ ಬರೆಯುತ್ತೇನೆ. ಉದ್ದವಾಯಿತು ಅನ್ನಿಸಿದರೂ ಗೋಡೆಯ ಮುಂದೆ ನಿಂತು ಪೂರ್ತಿ ಓದಬೇಕೆಂದು ವಿನಂತಿ.

ಮೊದಲ ತಿಂಗಳು ನಾವು ಕಲಿತದ್ದು ನಿಲ್ಲುವುದು. ನಗಬೇಡಿ. ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗೆ ಇಟ್ಟು, ಕುದುರೆಯ ಮೇಲೆ ಕುಳಿತವರಂತೆ ನಿಲ್ಲಬೇಕು. ಎರಡು ನಿಮಿಷಕ್ಕೆ ತೊಡೆ ಉರಿಯತೊಡಗುತ್ತದೆ. ಮರುದಿನ ಬಿಸಿಯೂಟ ಮಾಡಿ ಏಳುವಾಗ ಎಲ್ಲರೂ ಗೋಡೆ ಹಿಡಿದೇ ಎದ್ದೆವು. ಎರಡನೇ ತಿಂಗಳು ‘ಕಟಾ’. ಕಟಾ ಎಂದರೆ ಎದುರಾಳಿ ಇದ್ದಾನೆಂದು ತಿಳಿದು, ಗೊತ್ತುಮಾಡಿದ ಕ್ರಮದಲ್ಲಿ ತಡೆಯುವುದು, ತಿರುಗುವುದು, ಹೊಡೆಯುವುದು. ನಾವು ಕಲಿತ ಕಟಾದ ಹೆಸರು ಹೇಯಾನ್ ಶೋದಾನ್. ಅದರಲ್ಲಿ ೨೧ ಚಲನೆಗಳು. ಅದು ಶುರುವಾಗುವುದು ಹೊಡೆತದಿಂದಲ್ಲ, ತಡೆಯಿಂದ. ಎಲ್ಲಿ ಶುರು ಮಾಡಿದೆವೋ ಅಲ್ಲಿಗೇ ಬಂದು ಮುಗಿಯಬೇಕು. ಮೊದಲ ವಾರ ಧ್ವಜದ ಕಟ್ಟೆಯ ಹತ್ತಿರ ಶುರು ಮಾಡಿದವರಲ್ಲಿ ಕೆಲವರು ನೀರಿನ ಟ್ಯಾಂಕಿನ ಹತ್ತಿರ, ಕೆಲವರು ಅಡುಗೆ ಕೋಣೆಯ ಬಾಗಿಲಲ್ಲಿ ಹೋಗಿ ಮುಗಿಸುತ್ತಿದ್ದರು. ಅಡುಗೆಯವರು ಸೌಟು ಹಿಡಿದು ಹೊರಗೆ ಬಂದು, “ಇನ್ನ ಅನ್ನ ಆಗಿಲ್ಲ, ಹೋಗ್ರವ್ವಾ” ಅನ್ನುತ್ತಿದ್ದರು.

ನನ್ನ ಬೆಂಚಿನ ಗೆಳತಿ ಎರಡು ವರ್ಷದಿಂದ ತಾಲ್ಲೂಕಿನ ಕ್ಲಾಸಿಗೆ ಹೋಗುತ್ತಾಳೆ. ಅಲ್ಲಿ ಕಲಿಸುವುದು ಸ್ಪರ್ಧೆಯ ಕರಾಟೆ. ಇಬ್ಬರು ಎದುರುಬದುರು ನಿಂತು ಆಡುವುದಕ್ಕೆ ‘ಕುಮಿಟೆ’ ಅನ್ನುತ್ತಾರೆ. ಒಬ್ಬರಿಗೆ ಕೆಂಪು, ಇನ್ನೊಬ್ಬರಿಗೆ ನೀಲಿ ಬೆಲ್ಟು. ಮುಷ್ಟಿ ಮುಟ್ಟಿಸಿದರೆ ೧ ಪಾಯಿಂಟ್, ಹೊಟ್ಟೆ ಅಥವಾ ಬೆನ್ನಿಗೆ ಕಾಲು ಮುಟ್ಟಿಸಿದರೆ ೨, ತಲೆಯ ಎತ್ತರಕ್ಕೆ ಕಾಲು ಹೋದರೆ ೩. ಆದರೆ ಜೋರಾಗಿ ಹೊಡೆಯುವ ಹಾಗಿಲ್ಲ. ಹೊಡೆತವನ್ನು ಹಿಡಿತದಲ್ಲಿ ಇಟ್ಟುಕೊಂಡು ಥಟ್ಟನೆ ಹಿಂದಕ್ಕೆ ಎಳೆದುಕೊಳ್ಳಬೇಕು. ಅವಳು ನಮ್ಮ ಹಾಗೆ ನೆಲಕ್ಕೆ ಅಂಟಿ ನಿಲ್ಲುವುದಿಲ್ಲ. ಕುಂಟಾಬಿಲ್ಲೆ ಆಡುವವಳಂತೆ ಪುಟಿಯುತ್ತಲೇ ಇರುತ್ತಾಳೆ. ಮಾಸ್ತರರು ನಮ್ಮಿಬ್ಬರನ್ನು ಎದುರು ನಿಲ್ಲಿಸಿದ ದಿನ ಒಂದು ನಿಮಿಷದಲ್ಲಿ ಅವಳಿಗೆ ೫ ಪಾಯಿಂಟ್, ನನಗೆ ಸೊನ್ನೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಯಾಕಂದ್ರೆ ಅದು ಖರೇನೇ ಚೆಂದ ಇತ್ತು.

ಆಮೇಲೆ ಮಾಸ್ತರರು ನಮ್ಮ ಆಟದ ಅಕ್ಕೋರನ್ನು ಕರೆದು ಗೆಳತಿಯ ಬಲಗೈ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಲು ಹೇಳಿದರು. ಈಗ ಪುಟಿಯಲು ಜಾಗ ಇಲ್ಲ, ಒದೆಯಲು ದೂರ ಇಲ್ಲ. ಅವಳು ಜಗ್ಗಾಡಿ ಜಗ್ಗಾಡಿ ಸುಸ್ತಾದಳು. ನಂತರ ನನ್ನ ಕೈ ಹಿಡಿಸಿದರು. ನಾನೂ ಜಗ್ಗಾಡಿದೆ, ಬಿಡಲಿಲ್ಲ. ಆಗ ಮಾಸ್ತರರು, “ಕಟಾದಾಗಿನ ನಾಲ್ಕನೇದ್ ಮಾಡು” ಎಂದರು. ನಾಲ್ಕನೇ ಚಲನೆಯಲ್ಲಿ ಮುಂದಿನ ಕಾಲನ್ನು ಹಿಂದಕ್ಕೆ ಎಳೆದುಕೊಂಡು, ಅದರ ಜೊತೆಗೇ ಕೈಯನ್ನು ಮೇಲಕ್ಕೆ ಸುತ್ತಿಸಿ ತಂದು, ಮುಷ್ಟಿಯ ಅಡಿಯಿಂದ ಸುತ್ತಿಗೆಯಂತೆ ಬಡಿಯಬೇಕು. ಇಷ್ಟು ದಿನ ಅದನ್ನು ಗಾಳಿಯಲ್ಲಿ ಮಾಡುತ್ತಿದ್ದೆವು. ಈಗ ಮಾಡಿದಾಗ ಕಾಲು, ಸೊಂಟ, ತೋಳು ಮೂರೂ ಒಟ್ಟಿಗೆ ಹಿಂದೆ ಬಂದವು. ಅಕ್ಕೋರ ಹೆಬ್ಬೆರಳಿನ ಕಡೆಯಿಂದ ನನ್ನ ಕೈ ಜಾರಿ ಹೊರಗೆ ಬಂತು. ಯಾರೇ ಹಿಡಿದರೂ ಹಿಡಿತದ ಸಂದು ಇರುವುದು ಹೆಬ್ಬೆರಳಿನ ಕಡೆಗೇ. ಆ ಕಡೆಗೆ ಬರೀ ತೋಳಿನಿಂದ ಎಳೆದರೆ ಸಾಲದು, ಇಡೀ ಮೈ ಎಳೆಯಬೇಕು. ಮೊದಲ ತಿಂಗಳು ಬರೀ ನಿಲ್ಲಿಸಿದ್ದು ಇದಕ್ಕೇ ಎಂದು ಆ ದಿನ ತಿಳಿಯಿತು.

ಈ ಕಟಾ ಎಲ್ಲಿಂದ ಬಂತು ಎಂದು ಮಾಸ್ತರರನ್ನೂ ಸಮಾಜ ವಿಜ್ಞಾನದ ಸರ್ ಅವರನ್ನೂ ಕೇಳಿದೆ. ಕರಾಟೆ ಹುಟ್ಟಿದ್ದು ಓಕಿನಾವಾ ದ್ವೀಪದಲ್ಲಿ. ಅದು ಮೊದಲು ರ್ಯೂಕ್ಯೂ ಎಂಬ ಬೇರೆಯೇ ರಾಜ್ಯವಾಗಿತ್ತು. ಚೀನಾದೊಡನೆ ವ್ಯಾಪಾರ ಇದ್ದುದರಿಂದ ಅಲ್ಲಿನ ಮುಷ್ಟಿವಿದ್ಯೆಯೂ ದ್ವೀಪದವರ ವಿದ್ಯೆಯೂ ಬೆರೆತು ಇದು ಬೆಳೆಯಿತು. ೧೮೭೯ರಲ್ಲಿ ಜಪಾನ್ ಆ ರಾಜ್ಯವನ್ನು ತನ್ನೊಳಗೆ ಸೇರಿಸಿಕೊಂಡಿತು. ಮುಂದೆ ೧೯೦೦ರ ನಂತರದ ವರ್ಷಗಳಲ್ಲಿ ಇತೋಸು ಅಂಕೋ ಎಂಬ ಹಿರಿಯ ಗುರುಗಳು ಕರಾಟೆಯನ್ನು ಶಾಲೆಗಳ ಒಳಗೆ ತಂದರು. ಮಕ್ಕಳಿಗೆ ಸುಲಭವಾಗಲಿ ಎಂದು ೫ ಕಟಾಗಳನ್ನು ರೂಪಿಸಿದರು. ಹೇಯಾನ್ ಶೋದಾನ್ ಆ ಐದರಲ್ಲಿ ಒಂದು. ಅಂದರೆ ನಾವು ಅಂಗಳದಲ್ಲಿ ಮಾಡುತ್ತಿದ್ದದ್ದು ನಮ್ಮಂಥ ಶಾಲೆಯ ಮಕ್ಕಳಿಗಾಗಿಯೇ ಮಾಡಿದ ಪಾಠ! ಅವರ ಶಿಷ್ಯ ಫುನಾಕೋಶಿ ಗಿಚಿನ್ ಅವರಂತೂ ಶಾಲಾ ಮಾಸ್ತರರೇ. ಹುಡುಗರಾಗಿದ್ದಾಗ ರಾತ್ರಿ ಲಾಂದ್ರ ಹಿಡಿದು ಗುರುಗಳ ಮನೆಗೆ ನಡೆದುಹೋಗಿ, ಅಂಗಳದಲ್ಲಿ ಒಂದೇ ಕಟಾವನ್ನು ತಿಂಗಳುಗಟ್ಟಲೆ ಮಾಡುತ್ತಿದ್ದರಂತೆ. ಟೆಕ್ಕಿ ಎಂಬ ೩ ಕಟಾ ಕಲಿಯಲು ಅವರಿಗೆ ೧೦ ವರ್ಷ ಹಿಡಿಯಿತು. ೧೯೨೨ರಲ್ಲಿ ಅವರು ಟೋಕಿಯೋಗೆ ಹೋಗಿ ಕರಾಟೆಯನ್ನು ತೋರಿಸಿದ ಮೇಲೆ ಅದು ಜಪಾನಿನಲ್ಲೆಲ್ಲ ಹರಡಿತು. ಕರಾಟೆ-ದೋ ಎಂಬ ಹೆಸರಿನಲ್ಲಿ ‘ಕರಾ’ ಎಂದರೆ ಬರಿದು, ‘ಟೆ’ ಎಂದರೆ ಕೈ, ‘ದೋ’ ಎಂದರೆ ದಾರಿ. ಬರಿಗೈಯ ದಾರಿ.

ಫುನಾಕೋಶಿಯವರಿಗೆ ಸ್ಪರ್ಧೆ ಬೇಕಿರಲಿಲ್ಲ. ಕರಾಟೆ ಕಲಿತವನು ಮೊದಲ ಪೆಟ್ಟು ಹೊಡೆಯಬಾರದು ಎಂಬುದು ಅವರು ಒತ್ತಿ ಹೇಳುತ್ತಿದ್ದ ನಿಯಮ. ಮೊದಲ ಪೆಟ್ಟಿಗೇ ಪಾಯಿಂಟ್ ಕೊಡುವ ಆಟ ಅವರಿಗೆ ಹೇಗೆ ಹಿಡಿಸೀತು? ಅವರು ತೀರಿಕೊಂಡದ್ದು ೧೯೫೭ರ ಏಪ್ರಿಲಿನಲ್ಲಿ. ಅದೇ ವರ್ಷ ಜಪಾನ್ ಕರಾಟೆ ಸಂಸ್ಥೆ ತನ್ನ ಮೊದಲ ಅಖಿಲ ಜಪಾನ್ ಸ್ಪರ್ಧೆ ನಡೆಸಿತು. ೧೯೭೦ರಲ್ಲಿ ಟೋಕಿಯೋದಲ್ಲಿ ಮೊದಲ ವಿಶ್ವ ಸ್ಪರ್ಧೆ ಆಯಿತು. ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಕರಾಟೆಗೂ ಜಾಗ ಸಿಕ್ಕಿತು. ಅಲ್ಲಿ ಗಂಡಸರ ಕಟಾದಲ್ಲಿ ಚಿನ್ನ ಗೆದ್ದವರು ಓಕಿನಾವಾದವರೇ ಆದ ರ್ಯೋ ಕಿಯುನಾ.

ಆದರೆ ನಮ್ಮ ತರಗತಿಯಲ್ಲಿ ಜಗಳ ಹಚ್ಚಿದ್ದು ಅದೇ ಒಲಿಂಪಿಕ್ಸಿನ ಇನ್ನೊಂದು ಆಟ. ೭೫ ಕಿಲೋಗಿಂತ ಹೆಚ್ಚಿನ ತೂಕದವರ ಕುಮಿಟೆ ಫೈನಲ್. ಸೌದಿ ಅರೇಬಿಯಾದ ತಾರೆಗ್ ಹಮೆದಿ ಇರಾನಿನ ಸಜ್ಜಾದ್ ಗಂಜ್‌ಜಾದೆಯವರ ಎದುರು ೪–೧ರಿಂದ ಮುಂದಿದ್ದರು. ಆಗ ಹಮೆದಿಯವರ ಒದೆತ ಜೋರಾಗಿ ತಲೆಗೆ ಬಡಿದು ಗಂಜ್‌ಜಾದೆ ಅಲ್ಲೇ ಎಚ್ಚರ ತಪ್ಪಿ ಬಿದ್ದರು. ಅವರನ್ನು ಸ್ಟ್ರೆಚರ್ ಮೇಲೆ ಹೊತ್ತು ಒಯ್ದರು. ಹೊಡೆತ ಮಿತಿಮೀರಿತೆಂದು ಹಮೆದಿಯವರನ್ನು ಅನರ್ಹಗೊಳಿಸಿ, ಬಿದ್ದವರಿಗೇ ಚಿನ್ನ ಕೊಟ್ಟರು! ಹುಡುಗರೆಲ್ಲ, “ಇದೆಂಥಾ ಆಟ? ಕೆಡವಿದಾಂವ ಸೋತ, ಬಿದ್ದಾಂವ ಗೆದ್ದ!” ಎಂದು ಕೂಗಾಡಿದರು. ನನಗೆ ಮಾತ್ರ ಹಾಗೆ ಅನ್ನಿಸಲಿಲ್ಲ. ಕೈಕಾಲು ನಮ್ಮ ಹಿಡಿತದಲ್ಲಿ ಇರಬೇಕು ಎಂಬುದು ಹಳೆಯ ಗುರುಗಳ ಮಾತೂ ಹೌದು, ಇವತ್ತಿನ ಸ್ಪರ್ಧೆಯ ನಿಯಮವೂ ಹೌದು. ಈ ಒಂದು ಜಾಗದಲ್ಲಿ ಹಳೆಯದೂ ಹೊಸದೂ ಕೂಡುತ್ತವೆ. ಆದ್ದರಿಂದ ಸ್ಪರ್ಧೆಯ ಕರಾಟೆ ಸುಳ್ಳು, ಹಳೆಯದೇ ಖರೇ ಎಂದು ನಾನು ಹೇಳುವುದಿಲ್ಲ.

ನಮ್ಮ ಅಜ್ಜ ಒಂದು ಕಾಲಕ್ಕೆ ಗರಡಿಯಲ್ಲಿ ಸಾಮು ಮಾಡಿದವರು. ಊರ ಗರಡಿ ಮನೆಯಲ್ಲಿ ಈಗ ಗೋವಿನಜೋಳದ ಚೀಲ ಒಟ್ಟಿದ್ದಾರೆ. ಗರಡಿ ಯಾಕೆ ಮುಚ್ಚಿತು ಎಂದು ಕೇಳಿದ್ದಕ್ಕೆ ಅಜ್ಜ, “ಜಾತ್ರಿ ಕುಸ್ತಿ ನಿಂತ್ವು, ಹುಡುಗ್ರು ಬರೂದ್ ಬಿಟ್ರು” ಎಂದರು. “ಮತ್ತ ನೀ ಯಾಕ ಬಿಟ್ಟಿಲ್ಲ?” ಎಂದೆ. ಯಾಕಂದ್ರೆ ಅಜ್ಜ ಈಗಲೂ ಬೆಳಗ್ಗೆ ಗೋಡೆ ಹಿಡಿಯದೆ ೨೦ ಬಸ್ಕಿ ಹೊಡೆಯುತ್ತಾರೆ. ಅದಕ್ಕೆ ಅವರು, “ಜಾತ್ರಿ ವರ್ಷಕ್ಕ ಒಂದ್ ದಿನದ್ದು. ಮೈ ದಿನಾ ಬೇಕಲ್ಲವ್ವಾ” ಎಂದರು. ಇದನ್ನು ಕೇಳಿ ನನಗೆ ಎರಡೂ ಕಡೆಯ ಮಾತು ಹೊಳೆಯಿತು. ಜಾತ್ರೆ ಇಲ್ಲದಿದ್ದರೆ ಗರಡಿಗೆ ಹುಡುಗರು ಬರುವುದಿಲ್ಲ, ಇದು ಖರೇ. ಜಾತ್ರೆಗಾಗಿ ಮಾತ್ರ ಬಂದವರು ಜಾತ್ರೆ ನಿಂತ ದಿನವೇ ನಿಲ್ಲುತ್ತಾರೆ, ಇದೂ ಖರೇ. ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕರಾಟೆ ಇರಲಿಲ್ಲ. ಪದಕಕ್ಕಾಗಿ ಮಾತ್ರ ಕಲಿತವರು ಏನು ಮಾಡಬೇಕು?

ಈಗ ಮುಖ್ಯ ಮಾತಿಗೆ ಬರುತ್ತೇನೆ. ನನ್ನ ಗೆಳತಿ ಜಿಲ್ಲಾ ಸ್ಪರ್ಧೆಯಲ್ಲಿ ಕಂಚು ಗೆದ್ದಾಗ ಅವರ ಅಪ್ಪ ಪಂಚಾಯ್ತಿ ಕಟ್ಟೆಯ ಮೇಲೆ ಎಲ್ಲರಿಗೂ ಪೇಢೆ ಹಂಚಿದರು. “ನನ್ನ ಮಗಳು ಹತ್ತನೇತ್ತ ಆದ ಮ್ಯಾಲೆ ಶಹರದ ಕಾಲೇಜಿಗೆ ಹೋಗ್ತಾಳ, ಅಕಿ ಹೆದರೂದಿಲ್ಲ” ಎಂದು ಹೇಳಿದರು. ಪದಕದಿಂದ ಇಂಥ ಉಪಕಾರ ಆಗುತ್ತದೆ. ಆದರೆ ಪದಕ ಇಲ್ಲದವರ ಗತಿ ಏನು? ನಾವು ಹೊಲದ ಮನೆಗಳಿಂದ ಬರುವವರು ೬ ಜನ. ೩ ಕಿಲೋಮೀಟರ್ ದಾರಿ. ಹಳ್ಳದ ಸೇತುವೆ ದಾಟಿದ ಮೇಲೆ ಎರಡೂ ಕಡೆ ಕಬ್ಬು, ಒಂದು ಮನೆಯೂ ಇಲ್ಲ. ಹೋದ ವರ್ಷ ಬೈಕಿನ ಮೇಲೆ ಬಂದ ಇಬ್ಬರು ಮೂರು ದಿನ ನಮ್ಮ ಹಿಂದೆ ಹಿಂದೆ ಬಂದರು. ನಮ್ಮಲ್ಲಿ ಒಬ್ಬಳನ್ನು ಅವರ ಮನೆಯವರು ಹದಿನೈದು ದಿನ ಶಾಲೆಗೆ ಕಳಿಸಲಿಲ್ಲ. ಹಿಂದೆ ಬಂದವರನ್ನು ಮಾತ್ರ ಯಾರೂ ಮನೆಯಲ್ಲಿ ಕೂರಿಸಲಿಲ್ಲ. ನಮ್ಮ ಅವ್ವ ಈಗಲೂ ದಿನಾ ಸಂಜೆ ಬದುವಿನ ಮೇಲೆ ನಿಂತಿರುತ್ತಾಳೆ. “ಹತ್ತನೇತ್ತ ಮುಗೀಲಿ, ಸಾಕು” ಅನ್ನುತ್ತಾಳೆ.

ಮೂರು ತಿಂಗಳ ಕರಾಟೆಯಿಂದ ಇಬ್ಬರು ಗಂಡಸರನ್ನು ಹೊಡೆದು ಹಾಕಬಹುದು ಎಂದು ನಾನು ಹೇಳುವುದಿಲ್ಲ. ಮಾಸ್ತರರೂ ಹಾಗೆ ಹೇಳಲಿಲ್ಲ. ಮೊದಲು ಕೂಗು, ಆಮೇಲೆ ಓಡು, ಕೈ ಹಿಡಿದರೆ ಮಾತ್ರ ಬಿಡಿಸಿಕೋ, ಬಿಡಿಸಿಕೊಂಡ ಕೂಡಲೇ ಮತ್ತೆ ಓಡು, ಮನೆಯಲ್ಲೂ ಶಾಲೆಯಲ್ಲೂ ಹೇಳು, ಇದೇ ಅವರ ಪಾಠ. ಮಕ್ಕಳ ಸಹಾಯವಾಣಿ ೧೦೯೮ ಎಂಬುದನ್ನೂ ಬಾಯಿಪಾಠ ಮಾಡಿಸಿದರು. ದಾರಿಯಲ್ಲಿ ರೆಫರಿ ಇರುವುದಿಲ್ಲ, ಕೆಂಪು-ನೀಲಿ ಬೆಲ್ಟು ಇರುವುದಿಲ್ಲ, ‘ನಿಲ್ಲಿಸು’ ಎಂದು ಯಾರೂ ಹೇಳುವುದಿಲ್ಲ. ಹೆದರಿಕೆಯಾದಾಗ ತಲೆ ಕೆಲಸ ಮಾಡುವುದಿಲ್ಲ. ಮೈಗೆ ರೂಢಿಯಾದದ್ದು ಮಾತ್ರ ಆಗ ಬರುತ್ತದೆ. ಆ ರೂಢಿಗೆ ೩ ತಿಂಗಳು ಸಾಲದು. ಈಗ ಬಿಟ್ಟರೆ ಯುಗಾದಿಯ ಹೊತ್ತಿಗೆ ನಾಲ್ಕನೇ ಚಲನೆ ಯಾವುದು ಎಂದೇ ಮರೆತುಹೋಗುತ್ತದೆ.

ಆದ್ದರಿಂದ ನನ್ನ ಸೂಚನೆ ಇಷ್ಟೇ. ಬರುವ ಸೋಮವಾರದಿಂದ ದಿನಾ ಪ್ರಾರ್ಥನೆಗೆ ೧೫ ನಿಮಿಷ ಮೊದಲು ಧ್ವಜದ ಕಟ್ಟೆಯ ಮುಂದೆ ಸೇರೋಣ. ಫೀ ಇಲ್ಲ, ಡ್ರೆಸ್ ಬೇಕಿಲ್ಲ. ಐದು ನಿಮಿಷ ನಿಲ್ಲುವುದು, ಐದು ನಿಮಿಷ ಕಟಾ, ಐದು ನಿಮಿಷ ಜೋಡಿಯಾಗಿ ಕೈ ಬಿಡಿಸಿಕೊಳ್ಳುವುದು. ಎಣಿಕೆ ಹೇಳಲು ಗೆಳತಿ ಒಪ್ಪಿದ್ದಾಳೆ. ಸ್ಪರ್ಧೆಗೆ ಹೋಗುವವರಿಗೆ ಪುಟಿಯುವುದನ್ನೂ ಅವಳೇ ಹೇಳಿಕೊಡುತ್ತಾಳೆ. ಐದನೇ ತರಗತಿಯ ತಂಗಿಯರೂ ಬರಲಿ, ಅವರಿಗೆ ತರಬೇತಿ ಸಿಕ್ಕಿಲ್ಲ. ಹುಡುಗರೂ ಬರಬಹುದು. ಆದರೆ ನಗಬಾರದು, ಹಂಚು ತರಬಾರದು. ಮತ್ತು ಹೆಣ್ಣುಮಕ್ಕಳ ಹಿಂದೆ ಬೈಕು ಹೋಗುವುದನ್ನು ಕಂಡರೆ ಸುಮ್ಮನಿರುವುದಿಲ್ಲ ಎಂದು ಮಾತು ಕೊಡಬೇಕು. ದೊಡ್ಡ ಗೇಟನ್ನು ಅಷ್ಟು ಬೇಗ ತೆಗೆಸಿಕೊಡಬೇಕೆಂದು ಮುಖ್ಯ ಗುರುಗಳಲ್ಲಿ, ಒಬ್ಬರಾದರೂ ಬಂದು ನಿಲ್ಲಬೇಕೆಂದು ಅಕ್ಕೋರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ಬರುವವರು ಈ ಹಾಳೆಯ ಕೆಳಗೆ ಜಾಗ ಬಿಟ್ಟಿದೆ, ಹೆಸರು ಬರೆಯಿರಿ. ಪೆನ್ಸಿಲ್ಲನ್ನು ದಾರದಿಂದ ಕಟ್ಟಿದ್ದೇನೆ, ದಯವಿಟ್ಟು ಒಯ್ಯಬೇಡಿ.

— ೯ನೇ ತರಗತಿಯ ಒಬ್ಬ ವಿದ್ಯಾರ್ಥಿನಿ